‘ಕೋಡಿಯ ಹುಡುಗಿ’ಯನ್ನು ಬರೆದವಳು

‘ಕೋಡಿಯ ಹುಡುಗಿ’ ಎಂಬ ದೆವ್ವದ ಕಾದಂಬರಿಯನ್ನು ಬರೆದದ್ದು ನನ್ನ ಗಂಡನಲ್ಲ, ನಾನು. ಮುಖಪುಟದ ಮೇಲಿರುವ ‘ಜೆ. ಮುನಿರಾಜು’ ಎಂಬ ಹೆಸರಿನಲ್ಲಿ ಜೆ ಎಂದರೆ ಜಯಂತಿ. ಮುನಿರಾಜು ನನ್ನ ಕೈ ಹಿಡಿದವರು. ಯಲಹಂಕದ ಸಮಾವೇಶದಲ್ಲಿ ನನ್ನ ಕೈಯಿಂದಲೇ ಆ ಪುಸ್ತಕ ಕೊಂಡ ನಿಮ್ಮಲ್ಲಿ ಎಷ್ಟೋ ಮಂದಿಗೆ ನಾನು ಸುಳ್ಳು ಹೇಳಿದ್ದೇನೆ. ಅದನ್ನು ನೀವು ನಕ್ಕು ಮರೆಯಬಹುದು. ಆದರೆ ಅದೇ ಮೇಜಿನ ಹಿಂದೆ ನಿಂತು ಅದೇ ಸುಳ್ಳನ್ನು ನನ್ನ ಭಾವನವರಿಗೂ ಹೇಳಿದೆ — ನನ್ನ ಗಂಡನ ಒಬ್ಬನೇ ಅಣ್ಣನಿಗೆ. ಅದು ಬೇರೆ ಬಗೆಯ ಸುಳ್ಳು. ಅದರಿಂದ ಅಣ್ಣತಮ್ಮಂದಿರಿಬ್ಬರು ವರ್ಷಗಟ್ಟಲೆ ದೂರವಾದರು.

ಪುಸ್ತಕದ ಬಗ್ಗೆ ನನಗೆ ನಾಚಿಕೆಯಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಐವತ್ತು ದಾಟಿದ ಮೇಲೆ, ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ, ಅಕ್ಕಿ ಮೂಟೆಯ ಪಕ್ಕ ಕುರ್ಚಿ ಹಾಕಿಕೊಂಡು ಬರೆದೆ. ಚಿಕ್ಕಂದಿನಿಂದಲೂ ನನಗೆ ದೆವ್ವದ ಕಥೆಯೆಂದರೆ ಪ್ರಾಣ. ಬಾಡಿಗೆ ಪುಸ್ತಕದ ಅಂಗಡಿಯಲ್ಲಿದ್ದ ಭಯಾನಕ, ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವಳು. ನನ್ನದನ್ನು ನೋಡಿದ ಪ್ರಕಾಶಕರು ‘ಇಂಥದ್ದು ಈಗ ಓಡುವುದಿಲ್ಲ’ ಎಂದು ಹಿಂದಿರುಗಿಸಿದಾಗ, “ನಾವೇ ಅಚ್ಚು ಹಾಕ್ಸೋಣ ಬಿಡು” ಎಂದವರು ಇವರು. ವಿದ್ಯಾರಣ್ಯಪುರದಲ್ಲಿ ಇವರದು ಪೈಪು, ನಲ್ಲಿ, ಬಣ್ಣದ ಡಬ್ಬಗಳ ಅಂಗಡಿ. ಅಂಗಡಿ ಮುಚ್ಚಿಕೊಂಡು ಸ್ಕೂಟರಿನಲ್ಲಿ ನನ್ನನ್ನು ಯಶವಂತಪುರದ ಪ್ರೆಸ್ಸಿಗೆ ಕರೆದುಕೊಂಡು ಹೋದರು. ಪುಸ್ತಕದ ಕಟ್ಟುಗಳನ್ನು ಹೊತ್ತು ತಂದು ಮಂಚದ ಕೆಳಗೆ ಜೋಡಿಸಿದರು. ಓದಲಿಲ್ಲ, ಅಷ್ಟೇ. ಓದುವ ಅಭ್ಯಾಸ ಅವರಿಗಿಲ್ಲ. ‘ಓದಿ’ ಎಂದು ನಾನೂ ಒತ್ತಾಯ ಮಾಡಲಿಲ್ಲ — ಯಾಕೆ ಮಾಡಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಯಾಕೆಂದರೆ ಆ ಕಾದಂಬರಿಯ ನಡುಮಧ್ಯದ ಅಧ್ಯಾಯ ಅವರ ಮನೆಯದೇ.

ಇವರ ಹುಟ್ಟೂರು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. ಈಗ ಸಾಲುಸಾಲು ಬಾಡಿಗೆ ಮನೆಗಳು. ಆಗ ರಾಗಿ ಹೊಲ, ಕೆರೆ. ಭಾವ ಕೆಂಪಣ್ಣನವರು ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿದ್ದಾಗ, ಅವರ ತಂಗಿ ರತ್ನ ಕೆರೆಯ ಕೋಡಿಯಲ್ಲಿ ಜಾರಿ ನೀರುಪಾಲಾದಳು. ಇವರು ಆಗ ತೊಟ್ಟಿಲ ಕೂಸು. ಹುಡುಗಿ ಒಬ್ಬಳೇ ಹೋಗಿ ಬಿದ್ದಳು ಎಂದು ಊರೆಲ್ಲ ನಂಬಿತ್ತು. ನಿಜ ಏನೆಂದರೆ, ಅವಳು ಅಣ್ಣನ ಹಿಂದೆ ಓಡಿಬಂದಿದ್ದಳು. ಗೆಳೆಯರ ಜೊತೆ ಏಡಿ ಹಿಡಿಯಲು ಹೊರಟಿದ್ದ ಅಣ್ಣ, “ಹಿಂದೆ ಬರ್ಬೇಡ, ಹೋಗು” ಎಂದು ಗದರಿ ಅವಳನ್ನು ಏರಿಯ ಮೇಲೆ ಒಬ್ಬಳನ್ನೇ ವಾಪಸು ಕಳಿಸಿದ್ದರು. ಮನೆಯವರು ಕೇಳಿದಾಗ, ನಾನು ನೋಡೇ ಇಲ್ಲ ಎಂದಿದ್ದರು. ಈ ಮಾತನ್ನು ಅವರು ಆಡಿದ್ದು ತಾಯಿ ತೀರಿಕೊಂಡ ಮೇಲೆ, ತಮ್ಮನ ಹತ್ತಿರ ಮಾತ್ರ. ಇವರು ನನಗೆ ಹೇಳಿದರು — ಹೇಳುತ್ತ ಹೇಳುತ್ತ ಅತ್ತರು. ನಾನು ಬೆನ್ನು ಸವರಿದೆ. ಸವರುತ್ತಿರುವಾಗಲೇ ನನ್ನ ತಲೆಯೊಳಗೆ ಒಂದು ಕಥೆ ಎದ್ದು ಕೂತಿತ್ತು.

ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ. ಆದರೆ ‘ಹಿಂದೆ ಬರ್ಬೇಡ, ಹೋಗು’ ಎಂಬ ಮಾತನ್ನು ಹಾಗೇ ಇಟ್ಟುಕೊಂಡೆ. ಕಾದಂಬರಿಯಲ್ಲಿ ಆ ಅಣ್ಣ ಮುದುಕನಾದ ಮೇಲೆ, ಎಲ್ಲಿ ಹೋದರೂ ನಾಲ್ಕು ಹೆಜ್ಜೆ ಮುಂದೆ ಒದ್ದೆ ಲಂಗದ ಹುಡುಗಿಯೊಬ್ಬಳು ನಡೆಯುತ್ತಿರುತ್ತಾಳೆ. ತಿರುಗಿ ನೋಡದೆ ಹೇಳುತ್ತಾಳೆ: “ನಾನು ಹಿಂದೆ ಬರಲ್ಲಣ್ಣ. ನಿನ್ನ ಮುಂದೇನೇ ಇರ್ತೀನಿ.” ಈ ಸಾಲು ಬರೆದ ದಿನ ನಾನು ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತುಕೊಂಡೆ. ಒಳ್ಳೆಯದು ಸಿಕ್ಕಿದಾಗ ಬರೆಯುವವರಿಗೆ ಗೊತ್ತಾಗುತ್ತದೆ.

ಸಮಾವೇಶ ನಡೆದದ್ದು ಯಲಹಂಕದ ಒಂದು ಕಲ್ಯಾಣಮಂಟಪದಲ್ಲಿ. ದೆವ್ವದ, ಪತ್ತೇದಾರಿ, ವಿಜ್ಞಾನದ ಕಥೆ ಬರೆಯುವವರೂ ಓದುವವರೂ ಎರಡು ದಿನ ಒಂದೆಡೆ ಸೇರುವುದು. ವಧೂವರರು ಕೂರುವ ವೇದಿಕೆಯ ಮೇಲೆ ರಟ್ಟಿನ ಅಂತರಿಕ್ಷ ನೌಕೆ ನಿಲ್ಲಿಸಿದ್ದರು. ಬಿಳಿ ಸೀರೆ ಉಟ್ಟು ಮೋಹಿನಿ ವೇಷ ಹಾಕಿದ್ದ ಹುಡುಗನೊಬ್ಬ ಊಟದ ಹಾಲಿನಲ್ಲಿ ಕೂತು ವಡೆ ತಿನ್ನುತ್ತಿದ್ದ. ಅಕ್ಕಪಕ್ಕದ ಮೇಜುಗಳೆಲ್ಲ ಇಂಗ್ಲಿಷಿನಲ್ಲಿ ಬರೆಯುವ ಹುಡುಗ ಹುಡುಗಿಯರವು. ಅವರ ಬೆನ್ನ ಹಿಂದೆ ಆಳೆತ್ತರದ ಬ್ಯಾನರುಗಳು. ನನ್ನ ಮೇಜಿನ ಮೇಲೆ ಮನೆಯಿಂದ ತಂದ ಹೂವಿನ ಚಿತ್ರದ ಮೇಲುಹಾಸು, ಅದರ ಮೇಲೆ ರಕ್ತಬಣ್ಣದ ಚಂದ್ರನಿರುವ ನನ್ನ ಪುಸ್ತಕಗಳು, ಅದರ ಹಿಂದೆ ಜರಿಯಂಚಿನ ಸೀರೆ ಉಟ್ಟು ಕನಕಾಂಬರ ಮುಡಿದ ನಾನು.

ಬೆಳಗ್ಗೆ ಯಾರೂ ನಿಲ್ಲಲಿಲ್ಲ. ಪುಸ್ತಕ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಮುಂದೆ ಹೋಗುತ್ತಿದ್ದರು. ಕಡೆಗೆ ಒಬ್ಬ ಹುಡುಗ ಪುಟ ತಿರುವಿ, “ಆಂಟಿ, ರೈಟರ್ ಬಂದಿಲ್ವಾ?” ಎಂದ.

“ಬರ್ತಾರೆ ಕಣಪ್ಪ,” ಎಂದೆ. “ನಮ್ಮೆಜಮಾನ್ರು ಬರ್ದಿರೋದು.”

ಅದು ನನ್ನ ಬಾಯಿಂದ ಹೇಗೆ ಬಂತೋ — ಬಂತು. ಅವನು ಕೊಂಡುಕೊಂಡ. ಆಮೇಲೆ ನನಗೆ ಅದರ ರುಚಿ ಹತ್ತಿತು. ನನ್ನ ಪುಸ್ತಕ ಎಂದರೆ ಹೊಗಳಲು ನಾಲಗೆ ಏಳುವುದಿಲ್ಲ. ಗಂಡನ ಪುಸ್ತಕ ಎಂದರೆ ಎಷ್ಟು ಬೇಕಾದರೂ ಹೊಗಳಬಹುದು. ಹೊಗಳಿದೆ. ಒಂಟಿಯಾಗಿ ಓದಬೇಡಿ ಎಂದೆ, ನಾನೇ ಹೆದರಿ ದೇವರ ಮನೆಯ ದೀಪ ಆರದಂತೆ ನೋಡಿಕೊಂಡೆ ಎಂದೆ. ಜನ ನಕ್ಕರು, ಕೊಂಡರು, ಗೆಳೆಯರನ್ನು ಕರೆತಂದರು. ಅಂಥ ಸಂತೋಷ ನನ್ನ ಬದುಕಿನಲ್ಲಿ ಹೆಚ್ಚು ಸಲ ಬಂದಿಲ್ಲ. ಆರ್.ಟಿ. ನಗರದಿಂದ ಬಂದಿದ್ದ ಕಾಲೇಜು ಹುಡುಗಿ ಆಯೇಷಾ ಮೊದಲ ದಿನ ಕೊಂಡವಳು ಎರಡನೆಯ ದಿನ ಓಡಿಬಂದಳು. ಪೂರ್ತಿ ಓದಿದ್ದಳು. ಬಚ್ಚಲಿಗೆ ಹೋಗಲು ಅಕ್ಕನನ್ನು ಜೊತೆಗೆ ಕರೆದಳಂತೆ. ಆ ಸಾಲನ್ನು ತನ್ನ ಗೆಳತಿಯರಿಗೆ ನನ್ನ ಮುಂದೆಯೇ ಹೇಳಿ ತೋರಿಸಿದಳು — ತಿರುಗಿ ನಿಂತು, ತಲೆ ತಗ್ಗಿಸಿ, ನಾನು ಬರೆದಾಗ ಕೇಳಿಸಿದ್ದ ಅದೇ ದನಿಯಲ್ಲಿ. ನನ್ನ ಕಣ್ಣು ತುಂಬಿಬಂತು. ಯಾರಿಗೂ ಕಾಣದಂತೆ ಪುಸ್ತಕ ಜೋಡಿಸಿದೆ.

ಆ ಹೊತ್ತಿಗೆ ಸರಿಯಾಗಿ ಇವರು ಚಿತ್ರಾನ್ನದ ಡಬ್ಬಿ ಹಿಡಿದು ಬಂದರು. ಜೊತೆಯಲ್ಲಿ ಭಾವ. ಯಾವುದೋ ಕೆಲಸಕ್ಕೆ ಯಲಹಂಕಕ್ಕೆ ಬಂದಿದ್ದವರು, ‘ಅದೇನು ನೋಡೋಣ’ ಎಂದು ತಮ್ಮನ ಜೊತೆ ಬಂದಿದ್ದರು. ನಾನು ಬರೆಯುತ್ತೇನೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆಯೇಷಾ ಇವರನ್ನು ಕಂಡವಳೇ ‘ಇವ್ರೇನಾ’ ಎಂದು ನನ್ನನ್ನು ಕೇಳಿ, ಪುಸ್ತಕವನ್ನೂ ಪೆನ್ನನ್ನೂ ಮುಂದೆ ಚಾಚಿದಳು. ಇವರು ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಬಿಲ್ಲಿಗೆ ರುಜು ಹಾಕುವ ಹಾಗೆ ಹಾಕಿಕೊಟ್ಟರು.

ಭಾವ ಒಂದು ಪ್ರತಿ ಎತ್ತಿಕೊಂಡು, ಮುಖಪುಟದ ಹೆಸರಿನ ಮೇಲೆ ಬೆರಳಾಡಿಸಿ ಕೇಳಿದರು: “ಮುನಿ ಬರ್ದಿದ್ದಾ ಇದು?”

ಆಗ — ನಾನು ಒಪ್ಪಿಕೊಳ್ಳಬೇಕಾದದ್ದು ಇದು — ಆಗ ನನಗೆ ಆ ಅಧ್ಯಾಯ ನೆನಪಾಯಿತು. ಅವರು ಓದುತ್ತಾರೆ, ಗುರುತು ಹಿಡಿಯುತ್ತಾರೆ ಎಂದು ಥಟ್ಟನೆ ಹೊಳೆಯಿತು. ಹುಡುಗಿಯರನ್ನು ಪಕ್ಕಕ್ಕೆ ಬಿಟ್ಟು ನಿಜ ಹೇಳಲು ಸಮಯವಿತ್ತು. ನಾನು ಮಾಡಿದ ಕೆಲಸದ ಮೇಲೆ ಇನ್ನೊಬ್ಬರ ಹೆಸರು ಇರಲಿ ಎಂದು ನನ್ನ ಜೀವ ಬಯಸಿತು.

“ಹೌದು ಭಾವ,” ಎಂದೆ. “ಇವರೇ ಬರ್ದಿದ್ದು.”

ಭಾವ ಎಷ್ಟು ಹಿಗ್ಗಿದರು! ಇಸ್ಕೂಲಿನಲ್ಲಿದ್ದಾಗಲೇ ನಮ್ಮ ಮುನಿ ನಾಟಕ ಬರೆದಿದ್ದ ಎಂದು ಪಕ್ಕದ ಮೇಜಿನವರಿಗೆಲ್ಲ ಹೇಳಿದರು. ಊರಲ್ಲಿ ಹಂಚಬೇಕೆಂದು ಒಂದು ಕಟ್ಟನ್ನೇ ಕೊಂಡು, ಹೆಗಲ ಮೇಲೆ ಇಟ್ಟುಕೊಂಡು ಹೋದರು. ಇವರು ತಡೆಯಲು ನೋಡಿದರೂ ಬಿಡಲಿಲ್ಲ.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಭಾವ ಅಂಗಡಿಗೆ ಬಂದರು. ಊಟ ಕೊಡಲು ಹೋಗಿದ್ದ ನಾನು ಒಳಗೆ, ಪೈಪುಗಳ ಮರೆಯಲ್ಲಿದ್ದೆ. ಅವರು ಕೂರಲಿಲ್ಲ. ಕೂಗಾಡಲೂ ಇಲ್ಲ.

“ನಾನು ನಿಂಗೊಬ್ಬಂಗೆ ಏಳಿದ್ದು. ನೀನು ಅದನ್ನ ಮಾರ್ಕೊಂಡೆ.”

ಅಷ್ಟು ಹೇಳಿ ಹೊರಟುಹೋದರು. ಇವರಿಗೆ ಏನೆಂದೇ ಅರ್ಥವಾಗಲಿಲ್ಲ. ಆಗಲೂ ನಾನು ಹೊರಗೆ ಓಡಿ ಭಾವನನ್ನು ನಿಲ್ಲಿಸಬಹುದಿತ್ತು — ನಿಲ್ಲಿಸಲಿಲ್ಲ. ರತ್ನಳ ಕಥೆ ಪುಸ್ತಕದಲ್ಲಿದೆ ಎಂದು ಇವರಿಗೆ ಹೇಳಿದೆ. ಆ ಅಧ್ಯಾಯವನ್ನು ಓದು ಎಂದರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿದೆ. ಮುಗಿದ ಮೇಲೆ ಇವರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದರು. ನಾನೇ ಹೋಗಿ ಹೇಳುತ್ತೇನೆ ಎಂದೆ. ದನಿಯಲ್ಲಿ ಗಟ್ಟಿತನವಿರಲಿಲ್ಲ, ಅದು ಅವರಿಗೂ ಗೊತ್ತಾಯಿತು.

“ನಂದೂಂತಾನೇ ಇರ್ಲಿ ಬಿಡು,” ಎಂದರು. “ನಿಂಗೆ ಹೇಳಿದ್ದು ನಾನು ತಾನೆ.”

ಇಂಥವರ ಜೊತೆ ಬಾಳಿದ್ದೇನೆ ಎಂಬ ಹೆಮ್ಮೆ ನನಗೆ ಪುಸ್ತಕದ ಹೆಮ್ಮೆಗಿಂತ ದೊಡ್ಡದು. ಆದರೆ ಆ ದೊಡ್ಡತನದ ನೆರಳಿನಲ್ಲಿ ನಾನು ಸುಖವಾಗಿ ಕೂತುಬಿಟ್ಟೆ. ಭಾವನ ಮೊಮ್ಮಗನ ನಾಮಕರಣಕ್ಕೆ ಕರೆ ಬರಲಿಲ್ಲ. ಇವರು ತಾವಾಗಿಯೇ ಹೋದರು. ಹುಟ್ಟಿದಾಗಿನಿಂದ ‘ಲೋ ಮುನಿ’ ಎನ್ನುತ್ತಿದ್ದ ಅಣ್ಣ, ಬಾಗಿಲಲ್ಲಿ ತಮ್ಮನನ್ನು ಕಂಡು “ಬನ್ನಿ, ಊಟ ಮಾಡ್ಕೊಂಡ್ ಓಗಿ” ಎಂದರಂತೆ. ಬನ್ನಿ, ಓಗಿ — ಬಹುವಚನ. ಮನೆಗೆ ಬಂದು ಇವರು ಅದನ್ನು ಎರಡೆರಡು ಸಲ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಅದೇ ವರ್ಷ ಪುಸ್ತಕ ಮತ್ತೆ ಅಚ್ಚಾಯಿತು, ಅದೇ ಹೆಸರಿನಲ್ಲಿ.

ನನ್ನ ಆತ್ಮಸಾಕ್ಷಿ ಎಚ್ಚರವಾಯಿತು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು. ಈ ವರ್ಷದ ಸಮಾವೇಶದವರು ಜೆ. ಮುನಿರಾಜು ಅವರನ್ನು ವೇದಿಕೆಗೆ ಕರೆದು ಸನ್ಮಾನ ಮಾಡಬೇಕೆಂದು ಫೋನು ಮಾಡಿದರು. ಇವರು ಫೋನನ್ನು ನನ್ನ ಕೈಗೆ ಕೊಟ್ಟು, ಇದು ನಿಂದು, ನಾನು ಹೋಗಲ್ಲ ಎಂದರು. ಆ ವೇದಿಕೆ ನನಗೆ ಬೇಕಿತ್ತು. ಬಹಳ ಬೇಕಿತ್ತು. ನನ್ನ ಹೆಸರಿನಲ್ಲಿ, ನನ್ನ ಕಾಲ ಮೇಲೆ ನಿಂತು. ಅಲ್ಲಿ ನಿಲ್ಲಬೇಕಾದರೆ ಮೊದಲು ಸಿಂಗಾಪುರಕ್ಕೆ ಹೋಗಿ ಬರಬೇಕಿತ್ತು. ನನ್ನನ್ನು ಅಲ್ಲಿಗೆ ತಳ್ಳಿದ್ದು ಆಸೆ.

ಬಸ್ಸಿನಲ್ಲಿ ಒಬ್ಬಳೇ ಹೋದೆ. ಭಾವ ತಮ್ಮ ಬಾಡಿಗೆ ಮನೆಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೀರಿನ ಟ್ಯಾಂಕರಿನಿಂದ ನೆಲದೊಳಗಿನ ತೊಟ್ಟಿಗೆ ನೀರು ಬಿಡಿಸುತ್ತಿದ್ದರು. ಮುದುಕರಾಗಿದ್ದರು. ನಾನು ಕೂರಲಿಲ್ಲ. ಬರೆದದ್ದು ನಾನು, ನಿಮ್ಮ ತಮ್ಮನಿಗೆ ಅದರಲ್ಲಿ ಏನಿದೆಯೆಂದೂ ಗೊತ್ತಿರಲಿಲ್ಲ, ಗೊತ್ತಿದ್ದೂ ಅವರ ಹೆಸರು ಹೇಳಿದವಳು ನಾನು — ಎಲ್ಲವನ್ನೂ ಹೇಳಿದೆ. ಭಾವ ಟ್ಯಾಂಕರಿನ ಪೈಪನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು:

“ಆ ಮಾತು — ಮುಂದೇನೇ ಇರ್ತೀನಿ ಅನ್ನೋದು — ಮುನಿ ಏಳಿದ್ನಾ?”

“ಇಲ್ಲ ಭಾವ. ಅದು ನಾನೇ ಕಟ್ಟಿದ್ದು.”

“ದಿನಾ ಕೇಳುಸ್ತದೆ ಕಣಮ್ಮ,” ಎಂದರು.

ನಾನು ಯಾರಿಗೂ, ಇವರಿಗೂ, ಈವರೆಗೆ ಹೇಳದ ಮಾತು ಇಲ್ಲಿದೆ. ಆ ಮುದುಕರ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಮೊದಲು ಆದದ್ದು ನೋವಲ್ಲ. ಒಂದು ಕ್ಷಣ, ಒಂದೇ ಕ್ಷಣ — ಹೆಮ್ಮೆಯಾಯಿತು. ನನ್ನ ಸಾಲು ಅಷ್ಟು ಬಲವಾಗಿತ್ತಲ್ಲ ಎಂದು. ನೋವು ಆಮೇಲೆ ಬಂತು. ಈ ಕ್ರಮವನ್ನು ನಾನು ತಿದ್ದಿ ಬರೆಯುವುದಿಲ್ಲ.

ಆ ಅಧ್ಯಾಯ ತೆಗೆದುಬಿಡಲೇ ಎಂದು ಕೇಳಿದೆ.

“ತೆಗುದ್ರೆ ಓಯ್ತದಾ?” ಎಂದು ಕೇಳಿದರು. ಟ್ಯಾಂಕರಿನವನು ಪೈಪು ಸುತ್ತಿಕೊಂಡು ಹೊರಟ. ಭಾವ ಕುರ್ಚಿಯಿಂದ ಎದ್ದು, ನನ್ನ ಕಡೆ ನೋಡದೆ ಹೇಳಿದರು: “ಮುನೀನ ಕಳ್ಸು. ನೀನು ಸದ್ಯಕ್ಕೆ ಬರ್ಬೇಡ.”

ಮಾರನೆಯ ದಿನವೇ ಇವರು ಹೋದರು. ಅಣ್ಣ ‘ಲೋ’ ಎಂದರಂತೆ. ಬೇರೇನು ಮಾತಾಯಿತೋ ಇವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ಅದನ್ನೂ ಬರೆದೇನು ಎಂಬ ಹೆದರಿಕೆ ನನಗೇ ಇದೆ.

ಸಮಾವೇಶದಲ್ಲಿ ನನ್ನ ಹೆಸರು ಹೇಳಿಕೊಂಡು ವೇದಿಕೆ ಹತ್ತಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಅಧ್ಯಾಯ ಓದಿ ಎಂದು ಕೆಳಗಿನಿಂದ ಕೂಗು ಬಂತು; ಬೇರೊಂದನ್ನು ಓದಿದೆ. ‘ಕೋಡಿಯ ಹುಡುಗಿ’ ಇನ್ನು ಅಚ್ಚಾಗುವುದಿಲ್ಲ. ಭಾವ ಕೇಳಿದ್ದಲ್ಲ, ನಾನೇ ತೀರ್ಮಾನಿಸಿದ್ದು. ನಿಮ್ಮ ಮನೆಗಳಲ್ಲಿರುವ ಪ್ರತಿಗಳನ್ನು ವಾಪಸು ಕೇಳುವ ಹಕ್ಕು ನನಗಿಲ್ಲ. ಅದು ನಾನು ಬರೆದ ಒಳ್ಳೆಯ ಪುಸ್ತಕ — ಈಗಲೂ ಹಾಗೇ ಹೇಳುತ್ತೇನೆ. ಹೊಸದೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿರುವವರೆಲ್ಲ ನಾನೇ ಹುಟ್ಟಿಸಿದವರು; ಅಷ್ಟು ಚೆನ್ನಾಗಿ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಭಾನುವಾರ ಇವರು ಸಿಂಗಾಪುರಕ್ಕೆ ಹೋಗುತ್ತಾರೆ. ಅಣ್ಣತಮ್ಮಂದಿರು ಜೊತೆಯಲ್ಲಿ ಊಟ ಮಾಡುತ್ತಾರೆ. ಸಂಜೆ ಬಂದು ಚಪ್ಪಲಿ ಬಿಡುತ್ತ ಇವರು, “ನಿನ್ನ ವಿಷಯ ಏನೂ ಕೇಳ್ಲಿಲ್ಲ ಕಣೇ” ಎನ್ನುತ್ತಾರೆ, ತಪ್ಪು ತಮ್ಮದೇ ಎಂಬಂತೆ. ನಾನು ಸರಿ ಎಂದು ಕಾಫಿಗೆ ಇಡುತ್ತೇನೆ.