ಶಕುಂತಲಾಳ ಟಿಪ್ ಯಾಕೆ ಸವೆಯುವುದಿಲ್ಲ?

ಹುಮನಾಬಾದಿನ ಶಕುಂತಲಾಳ ಲೇತ್‌ನಲ್ಲಿ ಒಂದು ಟಿಪ್ ಇಡೀ ದಿನ ಬಾಳುತ್ತದೆ. ಬಸವಕಲ್ಯಾಣದ ನನ್ನ ಲೇತ್‌ನಲ್ಲಿ ಮಧ್ಯಾಹ್ನದೊಳಗೆ ಮೊಂಡು! (ಟಿಪ್ ಎಂದರೆ ಲೇತ್ ಯಂತ್ರದಲ್ಲಿ ತಿರುಗುವ ಉಕ್ಕನ್ನು ಕೊರೆಯುವ, ಉಗುರಿನಷ್ಟು ಗಾತ್ರದ ಅಲಗು.) ಇಬ್ಬರದೂ ಅದೇ ಕಂಪನಿಯ ಟಿಪ್, ಅದೇ ಟ್ರ್ಯಾಕ್ಟರ್ ಪಿನ್ನಿನ ಆರ್ಡರ್. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಶಕುಂತಲಾ ನನ್ನ ಕಾನ್ವೆಂಟ್ ಕ್ಲಾಸ್‌ಮೇಟ್. ಅವಳ ಇಂಗ್ಲಿಷ್ ಎಸ್ಸೇಗಳನ್ನು ನಾನೇ ಬರೆದುಕೊಡುತ್ತಿದ್ದೆ. ಆಹಾ, ಆ ದಿನಗಳು! ಈಗ ಇಬ್ಬರಿಗೂ ಎಪ್ಪತ್ತು. ಕೂದಲು ಕೂಡ ಅವಳದೇ ದಟ್ಟ.

ನನ್ನ ಸಿಟ್ಟೆಲ್ಲ ಟರ್ನರ್ ಇಸ್ಮಾಯಿಲ್ ಮೇಲೆ. ಯಜಮಾನರು ಇದ್ದಾಗಿನಿಂದ ನಮ್ಮ ಲೇತ್ ನಡೆಸುವವನು. ಕೈ ಒರಟಾಯಿತು, ಕಣ್ಣು ಮಂಜಾಯಿತು ಎಂದು ಎಲ್ಲರೆದುರು ಚುಚ್ಚಿದೆ. ಹೋದ ವಾರ ಅವನೂ ತಾಳ್ಮೆ ಕಳೆದುಕೊಂಡ.

"ಇಪ್ಪತ್ತು ವರ್ಷ ಆತ್ರಿ ಬಾಯಾರ. ನನ್ನ ಕೈ ಮ್ಯಾಲ ಭರೋಸಾ ಇಲ್ಲಂದ್ರ ನಾ ಯಾಕ ಇರ್ಲಿ? ಸೋಮವಾರದಿಂದ ಬರಂಗಿಲ್ರಿ."

ಅವನಿಲ್ಲದೆ ಲೇತ್ ಉಂಟೇ? ಮರುದಿನವೇ ಹುಮನಾಬಾದ್ ಬಸ್ ಹತ್ತಿದೆ. ನನ್ನ ದುಬಾರಿ ಸ್ಟೀಲಿನ ಜೊತೆ ಕಾರ್ಖಾನೆಯಿಂದ ಬಂದ ಸರ್ಟಿಫಿಕೇಟ್ ಪರ್ಸಿನಲ್ಲಿತ್ತು. (ತೋರಿಸಿ ಮೆರೆಯಲು, ಇನ್ನೇನು!)

"ಸುಮ್ನ ಬಂದೆ," ಎಂದೆ.

"ನೀ ಸುಮ್ನ ಬರಾಕಿ ಅಲ್ಲ. ನನ್ನ ಟಿಪ್ ನೋಡಾಕ ಬಂದಿ," ಶಕುಂತಲಾ ನಕ್ಕಳು. ನಾನು ಚಾಚಿದ ಸರ್ಟಿಫಿಕೇಟನ್ನು ಕನ್ನಡಕ ಏರಿಸಿ ಓದಿದಳು. "ಇದನ್ನ ಓದಿಯೇನು?"

ಓದಿರಲಿಲ್ಲ. ಬಂದ ಕಾಗದಕ್ಕೆಲ್ಲ ಪಂಚ್ ಹೊಡೆದು ಫೈಲ್ ಮಾಡುವುದಷ್ಟೇ ನನಗೆ ಗೊತ್ತು.

"ನೋಡಿಲ್ಲಿ, ಅಲ್ಯೂಮಿನಿಯಂ ಕಿಲ್ಡ್ ಅಂತದ. ಕರಗಿದ ಉಕ್ಕಿನಾಗಿನ ಆಕ್ಸಿಜನ್ ತೆಗಿಯಾಕ ಅಲ್ಯೂಮಿನಿಯಂ ಹಾಕ್ಯಾರ. ಅದು ಸಾಣಿಕಲ್ಲಿನ ಪುಡಿಯಂಗ ಗಟ್ಟಿ ಕಣ ಆಗಿ ಒಳಗ ಉಳಿತದ. ಟಿಪ್ ಸವಿಲಾರದ ಏನ್ ಮಾಡ್ತದ? ನಾ ಸಿಲಿಕಾನ್ ಹಾಕಿದ್ದು ತರಸ್ತೀನಿ. ಅದರ ಕಣ ಕೊರಿಯೋ ಬಿಸಿಗೆ ಮೆತ್ತಗಾಗ್ತಾವ. ನಿನ್ನ ಸ್ಟೀಲ್ ಗಿಯರ್ ಮಾಡಾಕ ಛಲೋ, ಪಿನ್ನಿಗೆ ಯಾಕ ಬೇಕು? ಟರ್ನರ್‌ನ ಬೈದಿಯೇನು ಮತ್ತ?"

ನಾನು ಚಹಾ ಕುಡಿಯುವುದರಲ್ಲಿ ಬ್ಯುಸಿಯಾದೆ. ಎಸ್ಸೇ ಬರೆದುಕೊಟ್ಟವಳು ಸರ್ಟಿಫಿಕೇಟ್ ಓದಲಿಲ್ಲ. ಬರೆಸಿಕೊಂಡವಳು ಓದಿದ್ದಳು. ಎಂಥ ಸಂಕಟ!

ಭಾನುವಾರ ಇಸ್ಮಾಯಿಲ್‌ನ ಮನೆಗೇ ಹೋದೆ. "ತಪ್ಪು ಸ್ಟೀಲಿಂದು, ತರಿಸಿದಾಕಿ ನಾನು," ಎಂದೆ.

"ಬೈದದ್ದು ಎಲ್ಲಾರ ಮುಂದ್ರಿ ಬಾಯಾರ. ಇದನ್ನೂ ಅಲ್ಲೇ ಹೇಳ್ರಿ."

ಸೋಮವಾರ ಎಲ್ಲರೆದುರು ನಿಂತು ಸಾರಿ ಹೇಳಿದೆ. ಅವನು ಲೇತ್ ಚಾಲೂ ಮಾಡಿದ.

ಇಸ್ಮಾಯಿಲ್‌ಗೆ ಸಾರಿ ಹೇಳಿಯಾಯಿತು. ಶಕುಂತಲಾಗೆ ಥ್ಯಾಂಕ್ಸ್ ಹೇಳಲು ನನಗೆ ಇನ್ನೆಷ್ಟು ವಯಸ್ಸಾಗಬೇಕು?