ಭರಣಿಯೊಳಗಿನ ಹೊತ್ತು

ಮೂಡಲಗಿಯ ಹಾಲುಮತದ ಕುರಿಗಾರರ ಮನೆಯಲ್ಲಿ ಹುಟ್ಟಿದ ಲಗಮಣ್ಣನಿಗೆ ದೇವರು ಕೊಟ್ಟದ್ದು ಒಂದೇ ಆಸ್ತಿ, ದನಿ. ಗುಡ್ಡದ ಈಚೆ ನಿಂತು ಕೂಗಿದರೆ ಆಚೆ ಮೇಯುವ ಕುರಿ ತಲೆಯೆತ್ತುತ್ತಿದ್ದವು. ಇಷ್ಟು ಕುರಿ ತಿರುಗುವ ದನಿಗೆ ಗೋಕಾಕದ ಜನ ತಿರುಗದೆ ಇರುತ್ತಾರೆಯೇ ಎಂಬುದು ಅವನ ಲೆಕ್ಕಾಚಾರ. ಮದುವೆಯಾದ ಮರುವರ್ಷವೇ ಹೆಂಡತಿ ಸತ್ತೆವ್ವನನ್ನು ಅದೇ ಊರಿನ ತವರಿನಲ್ಲಿ ಬಿಟ್ಟು, ಕಂಬಳಿ ಹೆಗಲಿಗೆ ಹಾಕಿ, ಗೋಕಾಕದಲ್ಲಿ ಬಿಡಾರ ಮಾಡಿದ್ದ ಅಪ್ಪಣ್ಣನವರ ನಾಟಕ ಕಂಪನಿಯ ಮುಂದೆ ಹೋಗಿ ನಿಂತ.

ಮಾಲಕ ಅಪ್ಪಣ್ಣ ದನಿ ಕೇಳಿ ಮೆಚ್ಚಿಕೊಂಡರು. ದ್ವಾರಪಾಲಕನ ಪಾರ್ಟು ಕೊಟ್ಟರು. ಓಡಿ ಬಂದು "ಮಹಾಪ್ರಭು, ವೈರಿಗಳು ಕೋಟೆಯ ಬಾಗಿಲಿಗೆ ಬಂದರು!" ಎನ್ನಬೇಕು, ಅಷ್ಟೇ. ಲಗಮಣ್ಣ ಅದನ್ನು ಘಟಪ್ರಭೆಯ ದಂಡೆಯ ಮೇಲೆ ನಿಂತು ದಿನವೂ ನೀರಿಗೆ ಒಪ್ಪಿಸುತ್ತಿದ್ದ. ನೀರು ಎಂದೂ ತಪ್ಪು ಹಿಡಿಯಲಿಲ್ಲ.

ಆಟದ ದಿನ ಓಡಿ ಬಂದದ್ದೇನೋ ಸರಿಯಾಯಿತು. ಮುಂದೆ ಕೂತ ಜನರ ಕಣ್ಣು ಒಟ್ಟಿಗೆ ತನ್ನ ಕಡೆ ತಿರುಗಿದ್ದೇ ತಡ, ಮಹಾಪ್ರಭುವೂ ಹೋದ, ವೈರಿಯೂ ಹೋದ, ಕೋಟೆಯೂ ಹೋಯಿತು. ಬಾಯಿ ಮಾತ್ರ ತೆರೆದಿತ್ತು. ಅದರೊಳಗಿಂದ ಬಂದದ್ದು ಚಿಕ್ಕಂದಿನಿಂದ ಕುರಿ ಕರೆದು ರೂಢಿಯಾದ ಒಂದೇ ಮಾತು: "ಹುರ್ರ್ರ್ರ್ಯೋ...!" ಸಿಂಹಾಸನದ ಮೇಲೆ ಕೂತಿದ್ದ ರಾಜಾಪಾರ್ಟಿನ ಭೀಮರಾಯ ಬೆಚ್ಚಿಬಿದ್ದು, ಅವನ ಅಂಟಿಸಿದ ಮೀಸೆಯ ಒಂದು ಮಗ್ಗಲು ಕಳಚಿ ತುಟಿಯ ಮೇಲೆ ಜೋತಾಡಿತು.

ಪರದೆ ಬಿದ್ದ ಮೇಲೆ ಅಪ್ಪಣ್ಣ ಅವನ ಬೆನ್ನ ಮೇಲೆ ಕೈಯಿಟ್ಟು, "ಲಗಮಣ್ಣಾ, ನಿನ್ನ ದನಿ ಭಾಳ ಛಲೋ ಐತಿ. ಅದನ್ನ ಇನ್ನ ಮುಂದ ನಿನ್ನ ಹತ್ರನ ಇಟ್ಕೋ," ಎಂದರು. ಮರುದಿನದಿಂದ ಲಗಮಣ್ಣ ಗ್ಯಾಸ್‌ಬತ್ತಿಗಳಿಗೆ ಗಾಳಿ ಹೊಡೆಯುವ ಕೆಲಸಕ್ಕೆ ಬಿದ್ದ. ಅಲ್ಲಿಯೂ ಬತ್ತಿಯ ಬಲೆ ಮುಟ್ಟಿದ ಕೂಡಲೇ ಬೂದಿಯಾಗಿ ಉದುರುತ್ತಿತ್ತು. ತಾನು ಮುಟ್ಟಿದರೆ ಉದುರದಿರುವುದು ಜಗತ್ತಿನಲ್ಲಿ ಏನಾದರೂ ಇದೆಯೇ ಎಂದು ಲಗಮಣ್ಣನಿಗೇ ಸಂಶಯ ಬಂತು.

ಹೀಗಿರುವಾಗ ಸಾಂಗ್ಲಿಯ ಕಡೆ ಮುಚ್ಚಿದ ಒಂದು ಕಂಪನಿಯ ಸಾಮಾನನ್ನು ಅಪ್ಪಣ್ಣ ಕೊಂಡು ತಂದರು. ಚಕ್ಕಡಿಯಿಂದ ಇಳಿದದ್ದು ಒಂದು ಎಣ್ಣೆ ಇಂಜಿನ್ನು, ಡೈನಮೋ, ಹಿಡಿಕೆಗಳನ್ನು ಕೂರಿಸಿದ ತೇಗದ ದೊಡ್ಡ ಹಲಗೆ ಮತ್ತು ಉಪ್ಪಿನಕಾಯಿ ಹಾಕುವಂಥ ಮೂರು ಎತ್ತರದ ಭರಣಿಗಳು. ಭರಣಿ ನೋಡಿ ಅಡಿಗೆಯವನು ಖುಷಿಯಿಂದ ಓಡಿ ಬಂದ. ಜೊತೆಗೆ ಬಂದಿದ್ದ ಮೇಸ್ತ್ರಿ ಅವನನ್ನು ದೂರ ತಳ್ಳಿದ.

"ಇದರಾಗ ಉಪ್ಪಿನ ನೀರ ತುಂಬತಾರ," ಎಂದು ಮೇಸ್ತ್ರಿ ವಿವರಿಸಿದ. "ಕರೆಂಟು ಈ ನೀರಾಗ ಹಾದು ದೀಪಕ್ಕ ಹೋಗತೈತಿ. ಹಗ್ಗಕ್ಕ ಕಟ್ಟಿದ ಈ ತಗಡು ನೀರಾಗ ಇಳಿದಷ್ಟು ಬೆಳಕು ಏರತೈತಿ, ಮ್ಯಾಲ ಎಳದಷ್ಟು ಮಂದ ಆಗತೈತಿ. ಒಂದು ಭರಣಿ ಮುಂದಿನ ಕಾಲದೀಪಕ್ಕ, ಒಂದು ನೆತ್ತಿದೀಪಕ್ಕ, ಇನ್ನೊಂದು ಹಿಂದಿನ ಆಕಾಶದ ಪರದೆಗೆ. ನೀರಿಗೆ ಕೈ ಹಾಕಿದಾಂವ ಮಾತ್ರ ಅಲ್ಲೇ ಕೈಲಾಸಕ್ಕ ಹೋಗತಾನ."

ಕೈಲಾಸದ ಹೆಸರು ಕೇಳಿ ಕಂಪನಿಯ ಶೂರರೆಲ್ಲ ತಂತಮ್ಮ ಕೆಲಸ ನೆನಪು ಮಾಡಿಕೊಂಡರು. ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ, ಸಾಲಾಗಿ ಎಲ್ಲರ ಕಾಲು ನೋಡುತ್ತ ಬಂದ. ಲಗಮಣ್ಣನ ಕಾಲಲ್ಲಿ ಕುರಿಗಾರರು ಮೆಟ್ಟುವ, ಪದರ ಪದರ ತೊಗಲಿನ ದಪ್ಪ ಚಪ್ಪಲಿ ಇದ್ದವು. ಅಲ್ಲಿಗೆ ನಿಂತು, "ಇಂವ ಆಗಬಹುದು," ಎಂದ.

ಅವನ ತಲೆಯನ್ನು ಯಾರೂ ಎಂದೂ ಆರಿಸಿರಲಿಲ್ಲ. ದನಿಯನ್ನು ಆರಿಸಿ ಪಶ್ಚಾತ್ತಾಪ ಪಟ್ಟಿದ್ದರು. ಕೊನೆಗೆ ಚಪ್ಪಲಿಯ ದೆಸೆಯಿಂದ ಲಗಮಣ್ಣನಿಗೆ ಬಡ್ತಿ ಸಿಕ್ಕಿತು.

ಹುಕ್ಕೇರಿಯ ಮೊದಲ ಆಟದಲ್ಲಿಯೇ ಆ ಬಡ್ತಿಯ ಪರೀಕ್ಷೆಯಾಯಿತು. ಕೊನೆಯ ಅಂಕದಲ್ಲಿ ಗಾಯಗೊಂಡ ರಾಜ ರಾಣಿಯ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಅವನ ಉಸಿರು ಸಣ್ಣದಾಗುತ್ತಾ ಹೋದಂತೆ ಬೆಳಕೂ ಸಣ್ಣದಾಗಬೇಕು. ಭೀಮರಾಯ ಅದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದ, ಸಾಯುವುದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ಲಗಮಣ್ಣ ಹಗ್ಗ ಎಳೆಯುತ್ತಾ ಎಳೆಯುತ್ತಾ ತಾನೇ ಅಳಲು ಶುರುಮಾಡಿದ. ಕಣ್ಣೊರೆಸಿಕೊಳ್ಳಲು ಕೈಯೆತ್ತಿದನೋ ಇಲ್ಲವೋ, ಹಗ್ಗ ಜಾರಿ ತಗಡು ಝಳಕ್ಕನೆ ತಳಕ್ಕಿಳಿಯಿತು. ರಂಗದ ತುಂಬ ಮಟಮಟ ಮಧ್ಯಾಹ್ನ. ಆಗಷ್ಟೇ ಸತ್ತಿದ್ದ ರಾಜ, ಕತ್ತಲೆಯಾಗಿರಬೇಕು ಎಂಬ ಧೈರ್ಯದ ಮೇಲೆ, ಮೂಗು ತುರಿಸಿಕೊಳ್ಳುತ್ತಿದ್ದ.

"ನಾ ಸಾಯಾಕ ಇಷ್ಟ ವರ್ಷ ಕಲ್ತೇನಿ," ಎಂದು ಭೀಮರಾಯ ಬಣ್ಣ ಒರೆಸಿಕೊಳ್ಳುತ್ತ ಗುಡುಗಿದ. "ನೀ ಒಂದು ಕ್ಷಣದಾಗ ಎಬ್ಬಿಸಿಬಿಟ್ಟಿ."

"ತಪ್ಪಾತ್ರಿ. ನೀವು ಅಷ್ಟ ಛಂದ ಸಾಯತಿದ್ರಿ, ನನಗ ಅಳು ಬಂತ್ರಿ."

ಭೀಮರಾಯನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ನಟನೊಬ್ಬನನ್ನು ಸಮಾಧಾನ ಮಾಡುವ ಇದಕ್ಕಿಂತ ಒಳ್ಳೆಯ ಮಾತು ಲಗಮಣ್ಣನಿಗೆ ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಅಂದಿನಿಂದ ಭೀಮರಾಯನೇ ಹಗಲು ಹೊತ್ತಿನಲ್ಲಿ ಅವನ ಎದುರು ಮಲಗಿ ಸತ್ತು ತೋರಿಸುತ್ತಿದ್ದ. ಆ ಉಸಿರಿನ ಜೊತೆ ಹಗ್ಗ ಹಿಡಿಯುವುದನ್ನು ಲಗಮಣ್ಣ ಕಲಿತ. ಎರಡು ಕೈಗೆ ಎರಡು ಹಗ್ಗ, ಮೂರನೆಯದು ಕಾಲಿನ ಹೆಬ್ಬೆರಳಿಗೆ. ಮೇಸ್ತ್ರಿ ಆರಿಸಿದ್ದ ಚಪ್ಪಲಿಯನ್ನು ಆ ಒಂದು ಕಾಲಿಗೆ ಬಿಚ್ಚಲೇಬೇಕಾಗುತ್ತಿತ್ತು. ಹೀಗಾಗಿ ಅರ್ಧ ಲಗಮಣ್ಣ ಕ್ಷೇಮವಾಗಿದ್ದ, ಉಳಿದರ್ಧ ದೇವರ ಪಾಲು.

ಕೆಲಸ ಕೈಗೆ ಹತ್ತಿದಂತೆ ತಲೆಗೂ ಹತ್ತಿತು. ಬೆಳಗಿನ ಸೀನಿನಲ್ಲಿ ಆಕಾಶದ ಪರದೆ ಕೆಂಪಾಗಿ, ಹಳದಿಯಾಗಿ ಬೆಳಗಾದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಅದೇ ಹೊತ್ತಿಗೆ ರಾಣಿಯ ಪಾರ್ಟಿನವಳು ಹಾಡುತ್ತ ಬರುತ್ತಿದ್ದಳು ಎಂಬುದನ್ನು ಲಗಮಣ್ಣ ಗಣನೆಗೆ ತೆಗೆದುಕೊಳ್ಳಲಿಲ್ಲ. ಪರದೆಯ ಮರೆಯಲ್ಲಿ ನಿಂತು, ಹಗ್ಗ ಹಿಡಿದುಕೊಂಡೇ, ಯಾರಿಗೂ ಕಾಣದಂತೆ ಬಾಗಿ ನಮಸ್ಕಾರ ಮಾಡುತ್ತಿದ್ದ.

ಊರಿಗೆ ಹೋದಾಗ ಮಾವ ಕಲ್ಲಪ್ಪ ಕೇಳುತ್ತಿದ್ದ: "ನಿನ್ನ ಪಾರ್ಟು ಯಾವುದಪಾ?"

"ನಾ ಇಲ್ಲದ ಸೀನ ಇಲ್ಲರಿ ಮಾವ," ಎನ್ನುತ್ತಿದ್ದ ಲಗಮಣ್ಣ. ಇದರಲ್ಲಿ ಸುಳ್ಳಿರಲಿಲ್ಲ. ಆದರೆ ಕಲ್ಲಪ್ಪ ಅದನ್ನು ಹೇಗೆ ತಿಳಿದುಕೊಂಡ, ಕುರಿಸಂತೆಯಲ್ಲಿ ಯಾರಿಗೆ ಏನು ಹೇಳಿದ ಎಂಬುದನ್ನು ವಿಚಾರಿಸುವ ಗೋಜಿಗೆ ಅಳಿಯ ಹೋಗಲಿಲ್ಲ. ಹೋಗದಿದ್ದದ್ದು ಮರೆತೇನೂ ಅಲ್ಲ.

ಅಂತೂ ಒಂದು ಬೇಸಿಗೆಯಲ್ಲಿ ಕಂಪನಿ ಮೂಡಲಗಿಗೇ ಬಂತು. ಮೊದಲ ಆಟಕ್ಕೇ ಕಲ್ಲಪ್ಪ ಬೀಗರು, ನೆಂಟರು, ಓಣಿಯವರನ್ನೆಲ್ಲ ಕರೆದುಕೊಂಡು ಬಂದು ಎದುರಿಗೇ ಕಂಬಳಿ ಹಾಸಿ ಕೂತ. ಹೆಂಗಸರ ಕಡೆ ಸತ್ತೆವ್ವ ಹೊಸ ಇಳಕಲ್ಲ ಸೀರೆ ಉಟ್ಟು ಕೂತಿದ್ದಳು. ಪರದೆಯ ತೂತಿನಿಂದ ಇದನ್ನು ಕಂಡ ಲಗಮಣ್ಣ ಬೇಗಬೇಗನೆ ಹೋಗಿ ಹಗ್ಗ ಹಿಡಿದು ನಿಂತ.

ಪರದೆ ಎದ್ದಿತು. ಭೀಮರಾಯ ಕಿರೀಟ ಹೊತ್ತು ಬಂದ. ಕಲ್ಲಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಕುರಿ ಗುರುತಿಸುವವನ ಖಚಿತ ದನಿಯಲ್ಲಿ, "ಇಂವ ನಮ್ಮಾಂವ ಅಲ್ಲ," ಎಂದ. ಮಂತ್ರಿ ಬಂದ. "ಇಂವನೂ ಅಲ್ಲ." ಸೇನಾಪತಿ ಬಂದ. "ಅಲ್ಲ ಬಿಡ್ರಿ." ವಿದೂಷಕ ಬಂದಾಗ ಕಲ್ಲಪ್ಪನಿಗೆ ಸ್ವಲ್ಪ ಆಸೆ ಮೂಡಿತು, ಆದರೆ ವಿದೂಷಕ ಕುಳ್ಳ. ಆಮೇಲೆ ರಾಣಿ ಬಂದಳು. ಕಲ್ಲಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಅಳೆದ. ಪಕ್ಕದವನ ಕಿವಿಯಲ್ಲಿ, ಇಡೀ ಟೆಂಟಿಗೆ ಕೇಳುವಂತೆ ಪಿಸುಗುಟ್ಟಿದ: "ಸೊಂಟ ಅವನದ ಇದ್ದಂಗ ಕಾಣತೈತಿ ನೋಡು."

ಟೆಂಟು ಘೊಳ್ಳೆಂದಿತು. ರಾಣಿ ಹಾಡು ನಿಲ್ಲಿಸಿ ಒಳಗೆ ಹೋದಳು. ಕಲ್ಲಪ್ಪ ಎದ್ದು ನಿಂತೇಬಿಟ್ಟ. "ಮಾಲಕರ! ನಮ್ಮ ಅಳಿಯ ಲಗಮಣ್ಣ ಎಲ್ಲಿ ಅದಾನ್ರಿ? ಎಲ್ಲಾ ಸೀನಿನಾಗ ಅದೇನಿ ಅಂದಿದ್ದ. ಒಂದರಾಗೂ ಕಾಣವಲ್ಲ!"

ಅಪ್ಪಣ್ಣ ಕೈಮುಗಿದುಕೊಂಡು ಮುಂದೆ ಬಂದರು. "ಹಿರೇರ, ಲಗಮಣ್ಣ ಖರೆ ಹೇಳ್ಯಾನ. ಈ ಎಲ್ಲಾ ದೀಪ ಆಡಸಾಂವ ಅವನ."

"ಅಂದ್ರ ದೀಪ ಹಚ್ಚಾಂವೇನು?" ಎಂದ ಕಲ್ಲಪ್ಪ. ಅವನ ದನಿ ಕುಗ್ಗಿತು. "ಅದನ್ನ ನಮ್ಮ ಮನ್ಯಾಗ ಮುದುಕೇರು ಮಾಡ್ತಾರಲ್ರಿ."

ಪರದೆಯ ಮರೆಯಲ್ಲಿ ಲಗಮಣ್ಣನಿಗೆ ಭರಣಿಯೊಳಗೆ ಕೈಹಾಕಿಬಿಡೋಣವೇ ಎನ್ನಿಸಿತು. ಆದರೆ ಎರಡೂ ಕೈಯಲ್ಲಿ ಹಗ್ಗಗಳಿದ್ದವು. ಸಾಯಬೇಕೆಂದರೂ ಮೊದಲು ಯಾರನ್ನಾದರೂ ಕರೆದು ಹಗ್ಗ ಕೊಡಬೇಕಿತ್ತು.

ಅಷ್ಟರಲ್ಲಿ ಸತ್ತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನಿಂದ ಬಂದು ಎದುರಿಗೆ ನಿಂತಳು. ಗಂಡನನ್ನು ನೋಡಿದಳು: ಕೈಯೆರಡೂ ಮೇಲೆ, ಒಂದು ಕಾಲು ಗಾಳಿಯಲ್ಲಿ, ಮುಖದ ತುಂಬ ಬೆವರು.

"ಇಲ್ಲಿ ಏನ ಮಾಡಾಕತ್ತೀರಿ?"

"ನೀರಾಗ ತಗಡು ಇಳಸಾಕತ್ತೇನಿ."

"ಯಾಕ?"

ಇಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಉತ್ತರ ಕೊಡುವ ಮೊದಲೇ ರಂಗದ ಮೇಲಿಂದ ಅಪ್ಪಣ್ಣನ ಕೂಗು ಬಂತು. "ಲಗಮಣ್ಣಾ! ನಿಮ್ಮೂರ ಮಂದಿಗೆ ಒಮ್ಮೆ ಹೊತ್ತು ಹುಟ್ಟಿಸಿ ತೋರಸು!"

ಲಗಮಣ್ಣ ಮೂರೂ ತಗಡು ಮೇಲಕ್ಕೆಳೆದ. ಟೆಂಟಿನಲ್ಲಿ ಕತ್ತಲು ಕವಿಯಿತು. ಕೂಸುಗಳು ಅಳತೊಡಗಿದವು. ಆಮೇಲೆ ಕಾಲಿನ ಹೆಬ್ಬೆರಳು ಮೆಲ್ಲಗೆ ಸಡಿಲಿಸಿದ. ಆಕಾಶದ ಪರದೆಯ ಬುಡದಲ್ಲಿ ಕೆಂಡದ ಬಣ್ಣ ಕಂಡಿತು. ಅದು ಮೇಲೇರಿತು, ಹಳದಿಗೆ ತಿರುಗಿತು. ಗುಡ್ಡದ ಚಿತ್ರ ಒಂದೊಂದೇ ಗೆರೆಯಾಗಿ ಎದ್ದು ಬಂತು. ಕುರಿ ಕಾಯುವಾಗ, ಇಬ್ಬನಿಗೆ ಒದ್ದೆಯಾದ ಕಂಬಳಿಯೊಳಗಿಂದ ನೋಡುತ್ತಿದ್ದ ಬೆಳಗು ಅದು. ಬೇರೆ ಬೆಳಗು ಅವನಿಗೆ ಗೊತ್ತಿರಲಿಲ್ಲ. ಸತ್ತೆವ್ವ ಪರದೆಯ ಸಂದಿಯಿಂದ ನೋಡುತ್ತ ನಿಂತವಳು ಗಂಡನ ಕಡೆ ತಿರುಗಲೇ ಇಲ್ಲ.

"ಇನ್ನೊಮ್ಮಿ!" ಎಂದು ಕಲ್ಲಪ್ಪ ಕೂಗಿದ. "ನನ್ನ ಅಳಿಯ ಅವ! ಇನ್ನೊಮ್ಮಿ ಹುಟ್ಟಸಲಿ!"

ಇನ್ನೊಮ್ಮೆ ಹುಟ್ಟಿತು. ಅಲ್ಲಿಗೆ ನಿಲ್ಲಿಸಿದ್ದರೆ ಲಗಮಣ್ಣ ಲಗಮಣ್ಣನಾಗುತ್ತಿರಲಿಲ್ಲ. ಮೂರನೆಯ ಸಲ ಯಾರೂ ಕೇಳಲಿಲ್ಲ. ತಾನಾಗಿಯೇ, ಹೆಂಡತಿಯ ಎದುರು, ಈ ಸಲದ ಹೊತ್ತು ಮೊದಲಿನ ಎರಡಕ್ಕಿಂತ ಜೋರಾಗಿರಲಿ ಎಂದು, ಒಂದು ಕೈಯ ಹಗ್ಗವನ್ನು ಹಲ್ಲಿಗೆ ಕಚ್ಚಿಕೊಂಡು, ಪಕ್ಕದ ಚೀಲದಿಂದ ಉಪ್ಪು ತೆಗೆದು ಆಕಾಶದ ಭರಣಿಗೆ ಸುರಿದ. ಹೊತ್ತು ಹುಟ್ಟಿತು, ನೆತ್ತಿಗೇರಿತು, ನೆತ್ತಿಯನ್ನೂ ದಾಟಿತು. ಭರಣಿಯೊಳಗೆ ನೀರು ಕೊತಕೊತ ಕುದಿಯಿತು. ಟಪ್ ಎಂದು ಭರಣಿ ಸೀಳಿ ಬಿಸಿನೀರು ನೆಲದ ತುಂಬ ಹರಿಯಿತು. ಸತ್ತೆವ್ವ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಪೆಟ್ಟಿಗೆಯ ಮೇಲೆ ಹತ್ತಿದಳು. ಹೊರಗೆ ಇಂಜಿನ್ನು ಕೆಮ್ಮಿ ಸುಮ್ಮನಾಯಿತು.

ಉಳಿದ ಆಟ ಗ್ಯಾಸ್‌ಬತ್ತಿಯಲ್ಲಿ ನಡೆಯಿತು. ಭೀಮರಾಯ ಆ ದಿನ ಹಾಡುಹಗಲಿನಂಥ ಬೆಳಕಿನಲ್ಲಿ ಸಾಯಬೇಕಾಯಿತು. ಮೂಗನ್ನು ಮಾತ್ರ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಲಗಮಣ್ಣ ಒಡೆದ ಚೂರುಗಳ ಮುಂದೆ ಕೂತು, ಕಂಪನಿ ತನ್ನನ್ನು ಓಡಿಸುವ ಮೊದಲು ತಾನೇ ಹೋಗುವುದು ಮರ್ಯಾದೆಯೋ, ಓಡಿಸಿಕೊಂಡು ಹೋಗುವುದು ನ್ಯಾಯವೋ ಎಂದು ಯೋಚಿಸುತ್ತಿದ್ದ. ಸತ್ತೆವ್ವ ತಲೆಯ ಮೇಲೆ ಸಿಂಬೆಯಿಟ್ಟು ತವರುಮನೆಯ ಮಾವಿನಕಾಯಿ ಭರಣಿ ಹೊತ್ತು ತಂದಳು. ಉಪ್ಪಿನಕಾಯಿಯನ್ನು ಓಣಿಗೆಲ್ಲ ಹಂಚಿ, ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದಳು. ಅದನ್ನು ಇಳಿಸಿ ಕೇಳಿದಳು:

"ನಿನ್ನೆ ಉಪ್ಪು ಎಷ್ಟು ಹಾಕಿದ್ರಿ?"

"ಒಂದು ಮುಷ್ಟಿ."

"ಯಾರ ಮುಷ್ಟಿ?"

ಲಗಮಣ್ಣ ತನ್ನ ಕೈ ಬಿಚ್ಚಿ ನೋಡಿಕೊಂಡ. ಸಾಕಷ್ಟು ದೊಡ್ಡ ಕೈ. ಸತ್ತೆವ್ವ ಪಕ್ಕದಲ್ಲಿ ತನ್ನ ಕೈ ಹಿಡಿದು ತೋರಿಸಿದಳು. ಅವನಿಗೆ ನಗು ಬಂತು. ಆಕೆಗೂ ಬಂತು. ಅದನ್ನು ದೂರದಿಂದ ನೋಡುತ್ತಿದ್ದ ಅಪ್ಪಣ್ಣ, "ತಂಗೀ, ನೀನೂ ಕಂಪನಿ ಜೋಡಿ ಬಂದುಬಿಡವಾ. ಇವನೊಬ್ಬನ ಕೈಯಾಗ ಬಿಟ್ರ ನಮಗ ಭರಣಿ ಉಳಿಯಂಗಿಲ್ಲ," ಎಂದರು. ಕಲ್ಲಪ್ಪ ಮೊದಲು ಒಲ್ಲೆನೆಂದ; ಸತ್ತೆವ್ವ ಗಂಟು ಕಟ್ಟಿ ಬಂಡಿ ಏರಿದ ಮೇಲೆ ಒಪ್ಪಿಕೊಂಡ.

ಅಲ್ಲಿಂದ ಮುಂದೆ ಆಟಕ್ಕೆ ಮುಂಚೆ ನೀರು ತುಂಬಿ ಉಪ್ಪು ಹಾಕುವವಳು ಸತ್ತೆವ್ವ, ಹಗ್ಗ ಹಿಡಿಯುವವನು ಲಗಮಣ್ಣ. ಹಗ್ಗ ಜಾರೀತು ಎಂದು ಕಂಡರೆ ಆಕೆ ಸುಮ್ಮನೆ ಕೆಮ್ಮುತ್ತಿದ್ದಳು. ಲಗಮಣ್ಣನೇ ಜನರಿಗೆ ಹೇಳಿಕೊಳ್ಳುತ್ತಿದ್ದಂತೆ, ಹೊತ್ತು ಹುಟ್ಟಿಸುವವನಿಗೂ ಮೇಲೆ ಒಬ್ಬ ಸಾಹೇಬರು ಬೇಕಾಗುತ್ತಾರೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಂಜಿನ್ನಿಗೆ ಎಣ್ಣೆ ಸಿಗುವುದು ಕಷ್ಟವಾಯಿತು. ಜನ ಸಿನಿಮಾ ಟೆಂಟಿನ ಕಡೆ ಹೊರಳಿದರು. ಹುಕ್ಕೇರಿಯಲ್ಲಿ ಬಿಡಾರವಿದ್ದಾಗ ಅಪ್ಪಣ್ಣ ಕಂಪನಿ ಮುಚ್ಚಿದರು. ಹಲಗೆಯನ್ನೂ ಭರಣಿಗಳನ್ನೂ ಒಯ್ಯಲು ಹುಬ್ಬಳ್ಳಿಯಿಂದ ಒಬ್ಬ ಬಂದ. ಲಗಮಣ್ಣ ಅವನನ್ನು ಬೇವಿನ ನೆರಳಲ್ಲಿ ಕೂರಿಸಿಕೊಂಡು, ಸಾವಿಗೆ ಹಗ್ಗ ಎಳೆಯುವ ಬಗೆ ಬೇರೆ, ಸಂಜೆಗೆ ಎಳೆಯುವ ಬಗೆ ಬೇರೆ ಎಂದು ವಿದ್ಯೆಯನ್ನೆಲ್ಲ ಧಾರೆಯೆರೆದ. ಸುಮಾರು ಹೊತ್ತಾದ ಮೇಲೆ ನೋಡಿದರೆ ಶಿಷ್ಯ ಬೇವಿನ ಬೊಡ್ಡೆಗೊರಗಿ ಗೊರಕೆ ಹೊಡೆಯುತ್ತಿದ್ದ.

"ಮಲಗಲಿ ಬಿಡ್ರಿ," ಎಂದಳು ಸತ್ತೆವ್ವ. "ಅಷ್ಟ ಛಂದ ಕತ್ತಲ ಮಾಡೀರಿ."

ಲಗಮಣ್ಣ ಅವನ ಮೈಮೇಲೆ ತನ್ನ ಕಂಬಳಿ ಹೊದಿಸಿ, ಊರಿಗೆ ಮರಳಲು ಗೋಕಾಕದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಲು ಹೆಂಡತಿಯ ಜೊತೆ ರಸ್ತೆಗೆ ಬಂದ.