ತಲೆ ಸಮೇತ ಬಂಗುಡೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಷಡಕ್ಷರಪ್ಪನವರ ಪಾತ್ರೆ ಅಂಗಡಿಗೆ ಬೋಣಿಗಿಂತ ಮೊದಲು ಸುದ್ದಿ ಬರುತ್ತದೆ. ತರುವವರು ಎದುರು ಸಾಲಿನ ಬಟ್ಟೆ ಅಂಗಡಿಯ ವಿಶ್ವಾರಾಧ್ಯರು. ತಮ್ಮ ಅಂಗಡಿಯ ಬಟ್ಟೆಯನ್ನಾದರೂ ಅಳೆದು ಕೊಡುತ್ತಾರೆ, ಸುದ್ದಿಯನ್ನು ಮಾತ್ರ ಥಾನಿಗೆ ಥಾನೇ ಬಿಚ್ಚುತ್ತಾರೆ. ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಿಗ್ಗೆ ಅವರು ಗಲ್ಲಾಪೆಟ್ಟಿಗೆಗೆ ಮೊಣಕೈ ಊರಿ ನಿಂತು ಕೇಳಿದರು.

"ಏನ್ರಿ, ಮಗಳು ಮೀನು ವ್ಯಾಪಾರ ಶುರು ಮಾಡಿದಾಳಂತೆ?"

"ಯಾರ ಮಗಳು?"

"ನಿಮ್ಮದೇ, ಅಮೂಲ್ಯ. ನಮ್ಮ ಸೇಲ್ಸ್‌ಮನ್ ಕಣ್ಣಾರೆ ನೋಡಿದಾನೆ. ಮೀನು ಮಾರ್ಕೆಟ್ಟಲ್ಲಿ ಒಂದೊಂದೇ ಮೀನು ಎತ್ತಿ ಬಾಯಿ ತೆರೆದು ಒಳಗೆ ಇಣುಕ್ತಿದ್ಲಂತೆ. ಹಲ್ಲಿನ ಡಾಕ್ಟ್ರಿಗೆ ಓದ್ತಿದಾಳೇನು?"

ಷಡಕ್ಷರಪ್ಪನವರು ನಕ್ಕರು. ವ್ಯಾಪಾರಿಯ ನಗು, ಅದರಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ಸ್ಟೀಲು ಕೊಳಗ ಮೆಟ್ಟಿಲ ಮೇಲಿಂದ ಉರುಳಿದಷ್ಟು ಸದ್ದಾಗಿತ್ತು. ಬೆಳಿಗ್ಗೆ ಲಿಂಗಪೂಜೆಯಾಗದೆ ಕಾಫಿ ಮುಟ್ಟದ ಮನೆ ಅವರದು. ಮೊಟ್ಟೆ ಅಂಗಡಿ ಕಂಡರೆ ಅವರು ರಸ್ತೆಯ ಆ ಬದಿಗೆ ದಾಟುತ್ತಿದ್ದರು.

ಅವರ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ತಂದೆಯ ಕಾಲದ ಅಂಗಡಿಯನ್ನು ಅವರು ಬೆಳೆಸಿದ್ದು ಬುದ್ಧಿಯಿಂದ ಎಷ್ಟೋ, ಕೊಸರಿನಿಂದಲೂ ಅಷ್ಟೇ. ಕೊಂಡ ಮಾಲಿನ ಮೇಲೆ ಪುಕ್ಕಟೆ ಏನಾದರೊಂದು ಬೀಳದಿದ್ದರೆ ಅವರ ಲೆಕ್ಕದಲ್ಲಿ ಅದು ವ್ಯಾಪಾರವೇ ಅಲ್ಲ. ಸೊಪ್ಪು ಕೊಂಡರೆ ಕರಿಬೇವು, ಔಷಧಿ ಕೊಂಡರೆ ಕ್ಯಾಲೆಂಡರು. ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ಡಾಕ್ಟರರಿಂದ ಎರಡು ಕರಿ ಕನ್ನಡಕ ಗಿಟ್ಟಿಸಿದ್ದರು. ಒಂದು ಹೆಂಡತಿಗೆ.

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು. ಅಮೂಲ್ಯ ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಮುಚ್ಚಿಡುವ ಸ್ವಭಾವದವಳಲ್ಲ, ಎಲ್ಲವನ್ನೂ ಹೇಳಿದಳು. ಕರಾವಳಿಯಲ್ಲೊಂದು ಕಡಲ ವಿಜ್ಞಾನ ಕೇಂದ್ರವಿದೆ. ಬೇಸಿಗೆ ರಜೆಯಲ್ಲಿ ಡಿಗ್ರಿ ಓದುವ ಕೆಲವರನ್ನು ಕರೆಸಿಕೊಂಡು, ಊಟ ವಸತಿ ಕೊಟ್ಟು, ವಿಜ್ಞಾನಿಗಳ ಜೊತೆ ಕೆಲಸಕ್ಕೆ ಹಚ್ಚುತ್ತಾರೆ. ಇಂಟರ್ನ್‌ಶಿಪ್ ಅಂತ ಹೆಸರು. ಎರಡನೇ ವರ್ಷದವರಿಗೆ ಮಾತ್ರ ಅವಕಾಶ, ಮುಂದಿನ ವರ್ಷಕ್ಕೆ ಇಲ್ಲ. ಅರ್ಜಿಯ ಜೊತೆ, ಸಮುದ್ರಕ್ಕೆ ಸಂಬಂಧಪಟ್ಟ ಯಾವುದನ್ನಾದರೂ ಸ್ವಂತ ಕಣ್ಣಿನಿಂದ ನೋಡಿ ಬರೆದು ಕಳಿಸಬೇಕು.

"ಮಂಗಳೂರು, ಕಾರವಾರದವರು ದಡಕ್ಕೆ ಹೋಗಿ ನೋಡ್ತಾರೆ. ನಾನೆಲ್ಲಿಗೆ ಹೋಗ್ಲಿ? ಶಿವಮೊಗ್ಗಕ್ಕೆ ಸಮುದ್ರದಿಂದ ಬರೋದು ಮೀನಿನ ಲಾರಿ ಒಂದೇ ಅಪ್ಪ. ಬಂಗುಡೆ ಮೀನಿನ ಕಿವಿರಲ್ಲಿ ಒಂದು ಪ್ರಾಣಿ ಕಚ್ಚಿಕೊಂಡು ಕೂತಿರುತ್ತೆ, ರಕ್ತ ಕುಡಿಯುತ್ತೆ. ಎಷ್ಟು ಮೀನಲ್ಲಿದೆ ಅಂತ ನೋಡ್ತಿದ್ದೆ."

"ಹೇನಾ? ಮೀನಿಗೂ ಹೇನಾ?" ಎಂದರು ತಾಯಿ ಬಸವರಾಜೇಶ್ವರಿ, ರೊಟ್ಟಿ ತಟ್ಟುವುದನ್ನು ನಿಲ್ಲಿಸಿ.

"ನೋಡೋಕೆ ಹೇನಿನ ಥರ ಅಮ್ಮ. ಆದ್ರೆ ಅದು ಏಡಿ, ಸೀಗಡಿಗಳ ಕಡೆ ನೆಂಟ."

"ನೆಂಟರು ಅಂದ್ಮೇಲೆ ರಕ್ತ ಕುಡೀಲೇಬೇಕಲ್ಲ," ಎಂದು ಬಸವರಾಜೇಶ್ವರಿ ಮತ್ತೆ ರೊಟ್ಟಿಗೆ ಕೈ ಹಾಕಿದರು.

ತೊಂದರೆ ಏನೆಂದರೆ, ಕೊಳ್ಳದೆ ಬರೀ ಮುಟ್ಟುವವಳನ್ನು ಮಾರ್ಕೆಟ್ಟಿನವರು ಗದರಿಸಿ ಓಡಿಸಿದ್ದರು. ಒಂದೇ ಲೋಡಿನ ಮೀನು ಬೇಕು, ಈ ವಾರದೊಳಗೆ ಬೇಕು. ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಹೇಳುವಾಗ ಅಮೂಲ್ಯಳ ದನಿ ಸ್ವಲ್ಪ ಒಡೆಯಿತು. ಚಿಕ್ಕಂದಿನಲ್ಲೂ ಏನನ್ನೂ ಹಟ ಹಿಡಿದು ಕೇಳದ ಮಗಳು ಅವಳು. ಹಟ ಮಾಡುವವರನ್ನು ಸಂಭಾಳಿಸುವ ವಿದ್ಯೆ ಷಡಕ್ಷರಪ್ಪನವರಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವ್ಯಾಪಾರಿಗಳು ಮಾಡುವಂತೆ ನಡುವಿನ ದಾರಿ ಹುಡುಕಿದರು. "ನೀನು ಮಾರ್ಕೆಟ್ಟಿಗೆ ಹೋಗೋದು ಬೇಡ. ಮಾಲು ನಾನು ತಂದುಕೊಡ್ತೀನಿ. ಮನೆಗಲ್ಲ ಮತ್ತೆ, ಕಾಲೇಜಿನ ಲ್ಯಾಬಿಗೆ."

"ನೀವಾ!" ಎಂದರು ಬಸವರಾಜೇಶ್ವರಿ. ಆಮೇಲೆ ಬಹಳ ಹೊತ್ತು ಅಡುಗೆಮನೆಯಿಂದ ನಗು ಕೇಳುತ್ತಲೇ ಇತ್ತು.

ಶಿವಮೊಗ್ಗದಲ್ಲಿ ಅವರನ್ನು ಕಂಡರೆ ನಮಸ್ಕಾರ ಹೇಳದವರಿಲ್ಲ. ಆದ್ದರಿಂದ ಭದ್ರಾವತಿ ಆಯ್ಕೆಯಾಯಿತು. ಜನ್ನಾಪುರದಲ್ಲಿ ಹುಲಿಯಪ್ಪ ಎಂಬ ಹಳೇ ಗಿರಾಕಿ ಇದ್ದ. ಕಾರ್ಖಾನೆಯಿಂದ ನಿವೃತ್ತನಾದವನು, ಮೂವರು ಹೆಣ್ಣುಮಕ್ಕಳ ಮದುವೆಯ ಪಾತ್ರೆಗಳನ್ನೂ ಇವರಲ್ಲೇ ಕೊಂಡವನು. ಅವನಿಗೆ ಫೋನು ಹೋಯಿತು. ಷಡಕ್ಷರಪ್ಪನವರು ದೊಡ್ಡ ಸ್ಟೀಲು ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಂಡು, ತಲೆಗೆ ಮಂಕಿ ಟೋಪಿ ಎಳೆದುಕೊಂಡು ಬಸ್ಸು ಹತ್ತಿದರು. ಜನ್ನಾಪುರದಲ್ಲಿ ಇಳಿದಾಗ ಟೋಪಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಸ್ವಾಮೇರೆ, ಈ ಸೆಕೇಲಿ ಇದ್ನ ಹಾಕ್ಕೊಂಡ್ರೆ ಮೀನುಗಳೇ ಎದ್ದು ನಿಮ್ಮನ್ನ ನೋಡ್ತವೆ," ಎಂದ ಹುಲಿಯಪ್ಪ.

"ಬಾಯಿ ಮುಚ್ಕೊಂಡು ದಾರಿ ತೋರ್ಸು ಮಾರಾಯ."

ಕಾಳಮ್ಮ ಎನ್ನುವ ಹೆಂಗಸಿನ ಮೀನಂಗಡಿಗೆ ಕರೆತಂದು, ಪರಿಚಯ ಹೇಳಿ, ಹುಲಿಯಪ್ಪ ಟೀ ಕುಡಿಯಲು ಆಚೆ ಹೋದ. ಅವನು ಹೋಗಬಾರದಿತ್ತು. ಷಡಕ್ಷರಪ್ಪನವರು ಮೀನಿನ ಕಡೆ ನೋಡದೆ, ಅಂಗಡಿಯ ತಗಡಿನ ಸೂರನ್ನು ನೋಡುತ್ತಾ ಚೌಕಾಶಿಗೆ ನಿಂತರು. ನೋಡದೆ ಕೊಳ್ಳುವ ಗಿರಾಕಿ ಕಾಳಮ್ಮನಿಗೂ ಹೊಸಬ. ಆದರೂ ದರ ಇಳಿಯಿತು. ಡಬ್ಬಿ ತುಂಬುವಷ್ಟು ಬಂಗುಡೆ ತಕ್ಕಡಿ ಏರಿತು.

"ಇಷ್ಟೊಂದು ತಗೊಂಡಿದೀನಿ. ಕೊಸರು ಏನು?"

"ಮೀನಿಗೆ ಏನಣ್ಣ ಕೊಸರು? ಕೊತ್ತಂಬರಿ ಕೊಡ್ಲಾ?"

"ಏನಾದ್ರೂ ಕೊಡಮ್ಮ. ಬರಿಗೈಲಿ ಕಳಿಸಬೇಡ."

"ಸರಿ ಬಿಡು ಸಾಮಿ, ಕ್ಲೀನ್ ಮಾಡಿ ಕೊಡ್ತೀನಿ. ಕಾಸು ಬೇಡ. ನಿನ್ ಹೆಂಡ್ತಿಗೆ ಕೆಲ್ಸ ಉಳೀತದೆ."

ಗೆದ್ದೆ ಎಂದುಕೊಂಡು ಷಡಕ್ಷರಪ್ಪನವರು ಬೆನ್ನು ತಿರುಗಿಸಿದರು. ಕತ್ತಿಯ ಸದ್ದನ್ನು ಕೇಳಿಸಿಕೊಳ್ಳದಿರಲು ಮನಸ್ಸಿನಲ್ಲೇ ವಚನ ಹೇಳಿಕೊಂಡರು.

ಕಾಲೇಜಿನ ಲ್ಯಾಬಿನಲ್ಲಿ ಅಮೂಲ್ಯ ಕೈಗವಸು ಹಾಕಿಕೊಂಡು ಕಾಯುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದಳು. ತೊಳೆದು, ಒಪ್ಪವಾಗಿ, ಮದುವೆಮನೆಯ ಲಾಡುಗಳ ಹಾಗೆ ಜೋಡಿಸಿಟ್ಟ ಬಂಗುಡೆ. ಅವಳು ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು.

"ಅಪ್ಪ, ತಲೆ ಎಲ್ಲಿ?"

"ತಲೆ ಯಾಕೆ? ವೇಸ್ಟಂತೆ ಅದು. ಪುಕ್ಕಟೆ ತೆಗೆಸಿಕೊಂಡು ಬಂದಿದೀನಿ."

"ಕಿವಿರು ತಲೆಯಲ್ಲೇ ಇರೋದು ಅಪ್ಪ. ನನಗೆ ಬೇಕಾಗಿದ್ದು ಅದೊಂದೇ."

ಅವಳು ಅಳುತ್ತಾಳೆಂದು ಅವರು ಕಾದರು. ಅವಳು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ, ಸದ್ದಾಗದಂತೆ ಹಾಕಿದಳು. ಅತ್ತಿದ್ದರೆ ವಾಸಿ ಇತ್ತು. ಷಡಕ್ಷರಪ್ಪನವರು ಮಂಕಿ ಟೋಪಿಯನ್ನು ಚೀಲಕ್ಕೆ ತುರುಕಿ, "ಏಳು. ಬಸ್ಸಿದೆ," ಎಂದರು.

ಕಾಳಮ್ಮ ಇನ್ನೂ ಅಂಗಡಿ ಮುಚ್ಚಿರಲಿಲ್ಲ. ಅಪ್ಪ ಮಗಳು ಏದುಸಿರು ಬಿಡುತ್ತಾ ಬಂದು ಕೇಳಿದ್ದನ್ನು ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಕೊಟ್ಟ ಮಾಲು ಸರಿಯಿಲ್ಲ ಅಂತ ವಾಪಸ್ ಬರೋರ್ನ ನೋಡಿದೀನಿ. ಬಿಟ್ಟು ಹೋದ ಕಸ ಕೇಳ್ಕೊಂಡು ಬಂದಿದ್ದು ನೀನೊಬ್ನೇ ನೋಡು ಸಾಮಿ." ಹಲಗೆಯ ಕೆಳಗಿನಿಂದ ಬಕೀಟು ಎಳೆದಳು. ಅದರಲ್ಲಿ ಷಡಕ್ಷರಪ್ಪನವರ ಮೀನಿನ ತಲೆಗಳಷ್ಟೇ ಅಲ್ಲ, ಆ ದಿನ ಬಂಗುಡೆ ಕ್ಲೀನ್ ಮಾಡಿಸಿಕೊಂಡವರೆಲ್ಲರ ಮೀನಿನ ತಲೆಗಳಿದ್ದವು. ಎಲ್ಲ ಒಂದೇ ಲೋಡಿನವು. ಕಾಸು ಕೊಟ್ಟು ಅಷ್ಟು ಮೀನು ಕೊಳ್ಳಲು ಆಗುತ್ತಲೇ ಇರಲಿಲ್ಲ.

ಅಮೂಲ್ಯ ಅಲ್ಲೇ ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತಳು. ಚಿಮಟದಿಂದ ಒಂದೊಂದೇ ಕಿವಿರಿನ ಮುಚ್ಚಳ ಎತ್ತಿ ನೋಡತೊಡಗಿದಳು. ಡಬ್ಬಿ ಸಮೇತ ವಾಪಸ್ ತಂದಿದ್ದ ತಲೆಯಿಲ್ಲದ ಬಂಗುಡೆ, ಸುದ್ದಿ ಕೇಳಿ ಬಂದ ಹುಲಿಯಪ್ಪನ ಪಾಲಾಯಿತು. ದಾರಿ ತೋರಿಸಿದ್ದಕ್ಕೆ ಇಷ್ಟು ದೊಡ್ಡ ಸಂಬಳ ಕಾರ್ಖಾನೆಯೂ ಕೊಟ್ಟಿರಲಿಲ್ಲ ಎಂದು ಅವನು ಡಬ್ಬಿ ಹೊತ್ತು ಮನೆಗೆ ಹೋದ.

"ಅಪ್ಪ, ಬಾ ಇಲ್ಲಿ. ನೋಡು!"

ಷಡಕ್ಷರಪ್ಪನವರು ಟವೆಲನ್ನು ಮೂಗಿಗೆ ಒತ್ತಿ ಬಗ್ಗಿದರು. ಕೆಂಪು ಕಿವಿರಿನ ಸಂದಿಯಲ್ಲಿ ಬಿಳುಚಿದ ಒಂದು ಪ್ರಾಣಿ, ಬೆರಳಿನ ಉಗುರಿನಷ್ಟು ದೊಡ್ಡದು, ಸಾಲು ಕಾಲುಗಳನ್ನು ಊರಿ ಗಟ್ಟಿಯಾಗಿ ಕೂತಿತ್ತು. ಅದರ ಹೊಟ್ಟೆಯ ಚೀಲದ ತುಂಬ ಮೊಟ್ಟೆ.

"ಬಾಡಿಗೆ ಕೊಡದೆ ಸಂಸಾರ ಹೂಡಿದೆಯಲ್ಲ ಇದು!" ಎಂದರು. ಮೂಗಿನಿಂದ ಟವೆಲು ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಅಮೂಲ್ಯ ನಕ್ಕಳು. ಆ ವಾರದಲ್ಲಿ ಅವಳ ಮೊದಲ ನಗು.

ಬರೆದದ್ದು ಹೋಯಿತು, ಮೊದಲ ಸುತ್ತಿನಲ್ಲಿ ಒಪ್ಪಿಗೆಯಾಯಿತು. ಮುಂದಿನ ಶನಿವಾರ ವಿಡಿಯೋದಲ್ಲಿ ಸಂದರ್ಶನ. ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ಅಂಗಡಿಯ ಮಹಡಿಯ ಗೋಡೌನಿನಲ್ಲಿ, ಕುಕ್ಕರ್ ಪೆಟ್ಟಿಗೆಗಳ ಮೇಲೆ ಫೋನು ನಿಲ್ಲಿಸಿಕೊಂಡು ಅಮೂಲ್ಯ ಕೂತಳು. ಷಡಕ್ಷರಪ್ಪನವರು ಕೆಳಗೆ ಒಂದು ಚಮಚವೂ ಬೀಳಬಾರದೆಂದು ಅಪ್ಪಣೆ ಮಾಡಿ, ಮೆಟ್ಟಿಲಲ್ಲಿ ಕಿವಿಗೊಟ್ಟು ನಿಂತರು.

"ದೊಡ್ಡ ಮೀನಲ್ಲಿ ಜಾಸ್ತಿ ಇತ್ತಾ, ಚಿಕ್ಕದರಲ್ಲಾ?" ಎಂದು ಫೋನಿನಲ್ಲಿ ಒಬ್ಬ ಮೇಡಂ ಕೇಳಿದರು.

"ಹೇಳೋಕಾಗಲ್ಲ ಮೇಡಂ. ನನ್ನ ಹತ್ರ ಇದ್ದಿದ್ದು ತಲೆ ಮಾತ್ರ. ಮೀನು ಕ್ಲೀನ್ ಮಾಡಿಸಿಬಿಟ್ಟಿದ್ರು. ಇನ್ನೊಂದು, ಅದು ಐಸಲ್ಲಿ ಬಂದ ಮೀನು. ದಾರೀಲಿ ಎಷ್ಟೋ ಉದುರಿ ಹೋಗಿರಬಹುದು. ಹಾಗಾಗಿ ನನ್ನ ಲೆಕ್ಕ ನಿಜಕ್ಕಿಂತ ಕಮ್ಮಿನೇ ಇರುತ್ತೆ."

ಷಡಕ್ಷರಪ್ಪನವರು ಹಣೆ ಚಚ್ಚಿಕೊಂಡರು. ಒಂದು ಐಬು ಕೇಳಿದರೆ ಎರಡು ಹೇಳುತ್ತಿದ್ದಾಳೆ! ಇಂಥವಳನ್ನು ಅಂಗಡಿಯಲ್ಲಿ ಕೂರಿಸಿದ್ದರೆ ಸಂಜೆಯೊಳಗೆ ಬಾಗಿಲು ಹಾಕಬೇಕಿತ್ತು. ಮೇಲಿನಿಂದ ಮೇಡಂ ದನಿ ಬಂತು. "ಸರಿಪಡಿಸೋದು ಹೇಗೆ?"

"ಕೆಲವು ಇಡೀ ಮೀನು ತಗೊಂಡು ತಲೆ, ಮೈ ಎರಡನ್ನೂ ಅಳತೆ ಮಾಡಿದ್ರೆ, ತಲೆಯಿಂದ ಮೀನಿನ ಉದ್ದ ಅಂದಾಜು ಮಾಡಬಹುದು. ಆ ತಲೆಗಳನ್ನೆಲ್ಲ ಲ್ಯಾಬಿಗೆ ತಂದು ಸ್ಪಿರಿಟ್ಟಲ್ಲಿ ಇಟ್ಟಿದೀನಿ, ಅಳೆಯಬಹುದು."

"ಹಾಗಾದ್ರೆ ಮಾಡಿ. ಸೋಮವಾರ ಬೆಳಿಗ್ಗೆ ಕಳಿಸಿ. ನೋಡಿ ತೀರ್ಮಾನ ಹೇಳ್ತೀವಿ."

ಹುಲಿಯಪ್ಪನಿಗೆ ಫೋನು ಹೋಯಿತು. ಭದ್ರಾವತಿಗೆ ನಾಳೆ ಬಂಗುಡೆ ಬರುವುದಿಲ್ಲ, ಬರೀ ಬೂತಾಯಿ ಮೀನಿನ ಲೋಡು ಅಂತ ಕಾಳಮ್ಮ ಹೇಳಿದಳಂತೆ. ಉಳಿದದ್ದು ಶಿವಮೊಗ್ಗದ ಮಾರ್ಕೆಟ್ಟು. ಅದೂ ಭಾನುವಾರ ಬೆಳಿಗ್ಗೆ, ಅರ್ಧ ಊರು ಚೀಲ ಹಿಡಿದು ಅಲ್ಲಿ ನಿಲ್ಲುವ ಹೊತ್ತು.

"ನಾನೇ ಹೋಗಿ ತರ್ತೀನಿ ಅಪ್ಪ. ನೀನು ಬರಬೇಡ," ಎಂದಳು ಅಮೂಲ್ಯ.

ಷಡಕ್ಷರಪ್ಪನವರು ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ವಿಭೂತಿ ಧರಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಸ್ಕೂಟರು ತೆಗೆದರು. "ಕೂತ್ಕೋ. ಚೌಕಾಶಿ ನಿನಗೆ ಬರಲ್ಲ."

ಈ ಸಲ ಅವರು ಮೀನನ್ನು ನೋಡಿ ಕೊಂಡರು. ಚಿಕ್ಕದು, ದೊಡ್ಡದು, ನಡುವಿನದು ಎಂದು ಮಗಳು ತೋರಿಸಿದ ಹಾಗೆ ಆರಿಸಿ, ಮಾರುವವನು ಕತ್ತಿ ಎತ್ತಿದಾಗ ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟರು. ಹೊರಗೆ ಬರುವಾಗ, ಹಾಲಿನ ಪ್ಯಾಕೆಟ್ ಹಿಡಿದ ವಿಶ್ವಾರಾಧ್ಯರು ರಸ್ತೆ ದಾಟುತ್ತಿದ್ದವರು ನಡುವೆಯೇ ನಿಂತರು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದರೂ ಅಲುಗಲಿಲ್ಲ.

"ಏನ್ರಿ ಇದು, ಷಡಕ್ಷರಪ್ಪ?"

"ಬಂಗುಡೆ. ತಲೆ ಸಮೇತ."

"ಮನೆಗಾ?"

"ಮನೆಗೆ ನಿಮ್ಮ ಹಾಗೇ ಹಾಲು. ಇದು ಮಗಳ ಓದಿಗೆ. ಕಿವಿರಲ್ಲಿ ಒಂದು ಪ್ರಾಣಿ ಇರುತ್ತೆ, ಅಂಗಡಿಗೆ ಬನ್ನಿ, ಪೂರ್ತಿ ಹೇಳ್ತೀನಿ."

ಮಧ್ಯಾಹ್ನದೊಳಗೆ ದುರ್ಗಿಗುಡಿಗೆಲ್ಲ ಗೊತ್ತಾಯಿತು. ವಿಶ್ವಾರಾಧ್ಯರು ಯಾರಿಗೂ ಬಾಕಿ ಉಳಿಸಲಿಲ್ಲ. ಸೋಮವಾರ ಅಂಗಡಿಗೆ ಜನ ಬರುವುದಿಲ್ಲವೆಂದು ಬಸವರಾಜೇಶ್ವರಿ ಹೆದರಿದ್ದರು. ಬಂದರು. ಮೀನಿನ ಹೇನಿನ ಕಥೆ ಕೇಳಲು ಬಂದವರು ಬರಿಗೈಲಿ ಹೋಗಲು ಸಂಕೋಚಪಟ್ಟು ಒಂದು ಸೌಟೋ ಲೋಟವೋ ಕೊಂಡರು. ಕೆಲವರು ಮುಖ ತಿರುಗಿಸಿದ್ದೂ ಉಂಟು. ಅವರು ಮೊದಲೂ ಸಾಲದ ಗಿರಾಕಿಗಳೇ ಆದ್ದರಿಂದ ಷಡಕ್ಷರಪ್ಪನವರಿಗೆ ಅಂಥ ನಷ್ಟ ಕಾಣಲಿಲ್ಲ.

ಸೋಮವಾರ ಕಳಿಸಿದ ಅಳತೆಗೆ ಯುಗಾದಿಯ ಹೊತ್ತಿಗೆ ಉತ್ತರ ಬಂತು. ಅಮೂಲ್ಯ ಆಯ್ಕೆಯಾಗಿದ್ದಳು. ಮೇ ತಿಂಗಳಲ್ಲಿ ಬರಬೇಕು. ಅಂಗಡಿಯಲ್ಲೇ ನಿಂತು ಓದಿ ಹೇಳಿದಳು. ತನ್ನ ಕೆಲಸದ ಕೊರತೆಯನ್ನು ತಾನೇ ಗುರುತಿಸಿದ್ದು ನಮಗೆ ಹಿಡಿಸಿತು ಎಂದು ಮೇಡಂ ಬರೆದಿದ್ದರು. ಆ ಸಾಲನ್ನು ಷಡಕ್ಷರಪ್ಪನವರು ಎರಡು ಸಲ ಓದಿಸಿಕೊಂಡರು. "ವಿಚಿತ್ರ ವ್ಯಾಪಾರ ಮಾರಾಯ್ತಿ ನಿಮ್ಮದು," ಎಂದರು. ಆಮೇಲೆ ಗಿರಾಕಿಗಳಿಗೆ ಕಾಣದಂತೆ ಗಲ್ಲಾಪೆಟ್ಟಿಗೆಯೊಳಕ್ಕೆ ಬಗ್ಗಿ ಬಹಳ ಹೊತ್ತು ಏನನ್ನೋ ಹುಡುಕಿದರು.

ಪತ್ರದ ಕೊನೆಯಲ್ಲಿ ಒಂದು ಷರತ್ತು ಇತ್ತು. ದೋಣಿಯಲ್ಲಿ ಸಮುದ್ರಕ್ಕೆ ಕರೆದೊಯ್ಯುತ್ತಾರೆ. ಈಜು ಬರುವವರಿಗೆ ಮಾತ್ರ.

ಅಮೂಲ್ಯಳಿಗೆ ಈಜು ಬರುತ್ತಿರಲಿಲ್ಲ. ತುಂಗೆಯ ದಡದ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಮೊಣಕಾಲಿನ ಮೇಲಿನ ನೀರು ಗೊತ್ತಿರಲಿಲ್ಲ. ನೀರಿನ ಹತ್ತಿರ ಹೋಗಬೇಡ ಎಂದು ಅವಳ ಬಾಲ್ಯವಿಡೀ ಹೇಳುತ್ತಾ ಬಂದವರು ಇದೇ ಷಡಕ್ಷರಪ್ಪನವರು. ಹಾಗಾಗಿ ಈಜುಕೊಳಕ್ಕೆ ಸೇರಿಸಲು ತಾವೇ ಕರೆದುಕೊಂಡು ಹೋದರು. ಕಲಿಸುವವಳು ಸ್ಫೂರ್ತಿ ಎಂಬ ಗಟ್ಟಿಗಿತ್ತಿ. ತಂದೆತಾಯಿಗಳು ಹೊರಗೆ ಕಾಯಬೇಕು ಎಂದಳು. ಷಡಕ್ಷರಪ್ಪನವರು ಒಪ್ಪಿದಂತೆ ತಲೆಯಾಡಿಸಿ, ಕೊಳದ ಅಂಚಿನಲ್ಲೇ ಪಂಚೆ ಎತ್ತಿ ಕಟ್ಟಿಕೊಂಡು ನಿಂತರು.

ಮೊದಲ ವಾರ ಅಮೂಲ್ಯ ಕೊಳದ ಬದಿಯ ಕಂಬಿ ಬಿಡಲೇ ಇಲ್ಲ. ಕಾಲು ಬಡಿಯುತ್ತಾಳೆ, ನೀರು ಕುಡಿಯುತ್ತಾಳೆ, ಕೆಮ್ಮುತ್ತಾಳೆ, ಮತ್ತೆ ಕಂಬಿ. ಸ್ಫೂರ್ತಿ ಎದುರು ನಿಂತು ಕೈ ಚಾಚಿ ಕರೆದರೂ ಅಲುಗಳು. ವಾರ ಕಳೆದ ಮೇಲೊಂದು ದಿನ ಅವಳು ತಿರುಗಿ ಅಪ್ಪನ ಮುಖ ನೋಡಿದಳು. ಬೇಡ ಬಿಡು, ಮನೆಗೆ ಹೋಗೋಣ ಎಂದು ಅವರು ಒಂದು ಮಾತು ಹೇಳಿದ್ದರೆ ಹೊರಗೆ ಬಂದುಬಿಡುತ್ತಿದ್ದಳು. ಆ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು.

"ಕಂಬಿ ಬಿಡು ಮಾರಾಯ್ತಿ," ಎಂದು ಷಡಕ್ಷರಪ್ಪನವರು ಕೂಗಿದರು. ಸಣ್ಣ ದನಿಯಲ್ಲಿ ಹೇಳಬೇಕೆಂದಿದ್ದರು, ಆದರೆ ಕೊಳದಲ್ಲಿದ್ದವರಿಗೆಲ್ಲ ಕೇಳಿಸಿತು. "ಬಿಡು. ನಾನಿಲ್ಲೇ ಇದೀನಿ."

ಅವಳು ಬಿಟ್ಟಳು. ಮುಳುಗಿದಳು, ಎದ್ದಳು, ಅಡ್ಡಾದಿಡ್ಡಿ ಕೈ ಬೀಸಿದಳು. ಷಡಕ್ಷರಪ್ಪನವರು ಚಪ್ಪಲಿ ಸಮೇತ ಮೊದಲ ಮೆಟ್ಟಿಲ ನೀರಿಗೆ ಇಳಿದಿದ್ದರು. ಅಷ್ಟರಲ್ಲಿ ಅವಳು ಸ್ಫೂರ್ತಿಯ ಕೈ ಮುಟ್ಟಿ, ಕೂದಲು ಹಿಂದೆ ತಳ್ಳಿ, ಮತ್ತೆ ಹೊರಟಳು.